ಹೊಸ್ತಿಲ ಮೇಲಿನ ಗುಂಡುಸೂಜಿ ಹೂ

ಆಗಸ್ಟಿನ ನಡುವೆ ಬರುವ ಸೋಣ ತಿಂಗಳು ಶುರುವಾದ ಬೆಳಿಗ್ಗೆ ನಮ್ಮ ಮನೆಯ ಎದುರು ಬಾಗಿಲಲ್ಲಿ ಒಂದು ವಾಸನೆ ಏಳುತ್ತದೆ. ಮಳೆಗೆ ನೆನೆದ ಮರದ ಹೊಸ್ತಿಲಿಗೆ ಹಸಿ ಅರಶಿನ ತಿಕ್ಕಿದ ವಾಸನೆ, ಅದರ ಜೊತೆಗೆ ಗುಡ್ಡದಿಂದ ಆಗಷ್ಟೇ ಕಿತ್ತು ತಂದ ಹೂಗಳ ಬುಡದ ಕೆಸರಿನ ವಾಸನೆ. ಚಿಕ್ಕಂದಿನಿಂದ ನಾನು ಅದನ್ನು ಒಳ್ಳೆಯ ವಾಸನೆ ಎಂದೇ ತಿಳಿದಿದ್ದೆ. ಈ ಸಲ ಚಾವಡಿಯಲ್ಲಿ ಭೂತಕನ್ನಡಿ ಹಿಡಿದು ಪೇಪರ್ ಓದುತ್ತಿದ್ದವನ ಮೂಗಿಗೆ ಅದು ಬಡಿದದ್ದೇ ಪೇಪರನ್ನು ಬದಿಗಿಟ್ಟೆ. ಎದ್ದು ಅಂಗಳಕ್ಕೆ ಇಳಿದು ಮಳೆಯಲ್ಲೇ ನಿಂತೆ.

ಒಳಗಿನಿಂದ ನನ್ನ ಹೆಂಡತಿ ವಾರಿಜ ಕೂಗಿದಳು. ‘ಎಲ್ಲಿ ಹೋದಿರಿ? ಇಲ್ಲಿ ನೋಡಿ ಮಾರಾಯ್ರೆ, ಆ ಬಿಳಿ ಹೂ ಪುನಃ ಬಂದಿದೆ!’

ಅವಳ ಅಂಗೈಯಲ್ಲಿ ಎರಡು ಕಡ್ಡಿಗಳಿದ್ದವು. ಬೆರಳುದ್ದದ ಹಸುರು ಕಡ್ಡಿ, ತುದಿಯಲ್ಲಿ ಒಂದು ಬಿಳಿ ಗುಂಡು. ‘ಎರಡೇ ತಂದದ್ದು, ಉಳಿದದ್ದು ಮುಟ್ಟಲಿಲ್ಲ. ಹೊಂಡದ ಬದಿಯಲ್ಲಿ ಬೇಕಾದಷ್ಟು ಉಂಟು. ನೀವು ಸುಮ್ಮನೆ ಒಂದು ವರ್ಷ ಕೊರಗಿದಿರಿ. ಶೈಲನಿಗೆ ಫೋನ್ ಮಾಡಿ ಹೇಳುವ.’ ಅವಳ ಮುಖ ಅರಳಿತ್ತು. ಒಂದು ವರ್ಷದ ನಂತರ ನಮ್ಮ ಮನೆಯಲ್ಲಿ ನನ್ನ ತಂಗಿಯ ಮಗಳು ಶೈಲಳ ಹೆಸರನ್ನು ಯಾರಾದರೂ ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು.

ಅದು ಏಕೆ ಎಂದು ಹೇಳಬೇಕಾದರೆ ಹೋದ ವರ್ಷದ ಮಳೆಗಾಲವನ್ನು ಮೊದಲಿನಿಂದ ಹೇಳಬೇಕು.

ನಾನು ಹತ್ತನೇ ಕ್ಲಾಸು ಪಾಸಾದವನು. ಕಾರ್ಕಳದ ಬಸ್ ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಟೈಮ್ ಕೀಪರ್ ಆಗಿ ಆಯುಷ್ಯ ಕಳೆದವನು. ಯಾವ ಬಸ್ಸು ಎಷ್ಟು ಹೊತ್ತಿಗೆ ಬಂತು, ಹಿಂದಿನದು ಹೊರಟಿತೋ ಇಲ್ಲವೋ, ಯಾರು ಯಾರ ಟೈಮಿನಲ್ಲಿ ಜನ ತುಂಬಿಸಿಕೊಂಡರು – ಇದನ್ನು ನೋಡುವುದು, ಬೈಯುವುದು, ಬೈಸಿಕೊಳ್ಳುವುದು ನನ್ನ ಕೆಲಸ. ಡ್ರೈವರುಗಳು ನನಗೆ ಹೆದರುತ್ತಿದ್ದರು. ಆ ಹೆದರಿಕೆಯನ್ನು ನಾನು ಮರ್ಯಾದೆ ಎಂದುಕೊಂಡು ಮನೆಗೂ ತಂದೆ. ಕೆಲಸ ಬಿಟ್ಟ ಮೇಲೂ ನನ್ನ ಗಂಟಲು ಬಸ್ ಸ್ಟ್ಯಾಂಡಿನಲ್ಲೇ ಉಳಿಯಿತು.

ನಮ್ಮ ಮನೆ ಕಾರ್ಕಳದಿಂದ ಬಜಗೋಳಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ. ಮನೆಯ ಹಿಂದೆ ಪದವು. ಪದವು ಎಂದರೆ ಕೆಂಪುಕಲ್ಲಿನ ಬಯಲುಗುಡ್ಡ. ಬೇಸಗೆಯಲ್ಲಿ ಕಾದ ಕಾವಲಿಯ ಹಾಗೆ, ಮರವಿಲ್ಲ, ನೆರಳಿಲ್ಲ. ಮಳೆ ಬಿದ್ದ ಮೇಲೆ ಕಲ್ಲಿನ ತಗ್ಗುಗಳಲ್ಲಿ ಪಾದ ಮುಳುಗುವಷ್ಟು ನೀರು ನಿಂತು ಎಲ್ಲಿಂದಲೋ ಹುಲ್ಲು, ಹೂವು ಏಳುತ್ತವೆ. ಆ ಪದವು ನನ್ನದೊಬ್ಬನದಲ್ಲ. ನಮ್ಮದು ಹೆಣ್ಣಿನ ಕಡೆಯಿಂದ ಪಾಲು ಇಳಿಯುವ ಮನೆತನ. ನನ್ನ ತಂಗಿ ತೀರಿಕೊಂಡ ಮೇಲೆ ಅವಳ ಪಾಲು ಅವಳ ಮಗಳು ಶೈಲಳಿಗೆ ಬಂದಿತ್ತು. ಶೈಲ ಉಡುಪಿಯಲ್ಲಿ ಕಾಲೇಜು ಮಕ್ಕಳಿಗೆ ಸಸ್ಯಶಾಸ್ತ್ರ ಕಲಿಸುತ್ತಾಳೆ. ಗಂಡನ ಮನೆ ಕಾಪು, ಇರುವುದು ಮಣಿಪಾಲದಲ್ಲಿ. ತಂದೆ ಇಲ್ಲದ ಹುಡುಗಿ ಓದುವ ಕಾಲಕ್ಕೆ ಅವಳನ್ನು ಬಸ್ಸಿನ ಮುಂದಿನ ಸೀಟಿನಲ್ಲಿ ಕೂರಿಸಿ ಕಳುಹಿಸುತ್ತಿದ್ದವನು ನಾನು. ‘ನನ್ನ ಸೊಸೆಯ ಹತ್ತಿರ ಟಿಕೆಟ್ ಕೇಳಿದರೆ ನೋಡು’ ಎಂದು ಕಂಡಕ್ಟರಿಗೆ ಹೇಳುತ್ತಿದ್ದೆ. ಅದನ್ನು ನಾನು ಮರೆಯಲಿಲ್ಲ. ಮರೆಯದೆ ಇದ್ದದ್ದೇ ತೊಂದರೆಯಾಯಿತು.

ಹೋದ ವರ್ಷ ಸೋಣಕ್ಕೆ ಮೊದಲಿನ ಆಟಿ ತಿಂಗಳ ಮಳೆ ಜಡಿಯುತ್ತಿದ್ದಾಗ ವಲೇರಿಯನ್ ಬಂದ. ಅವನದು ಕೆಂಪುಕಲ್ಲು ಕಡಿಸುವ ವ್ಯಾಪಾರ. ಪದವಿನ ಕಲ್ಲು ತೆಗೆಯಲು ಕೊಡುವುದೆಂದು ನಾನು ಅವನಿಗೆ ಮಾತು ಕೊಟ್ಟಿದ್ದೆ. ಅಡುಗೆಮನೆಯ ಹೆಂಚಿನ ಮಾಡು ಜಗ್ಗಿದೆ, ರಿಪೇರಿ ಆಗಬೇಕು ಎಂದು ಊರಿಗೆಲ್ಲ ಹೇಳಿಕೊಂಡಿದ್ದೆ. ಮಾಡು ಜಗ್ಗಿದ್ದು ನಿಜ. ಆದರೆ ಮನೆಯ ಯಜಮಾನ ನಾನು ಎಂದು ಒಮ್ಮೆಯಾದರೂ ಎಲ್ಲರಿಗೂ ತೋರಿಸಬೇಕೆಂಬುದು ಅದಕ್ಕಿಂತ ದೊಡ್ಡ ನಿಜ. ಶೈಲಳ ಒಪ್ಪಿಗೆ ಬೇಕಿತ್ತು. ಬಂದು ರುಜು ಹಾಕಿ ಹೋಗು ಎಂದು ಹೇಳಿ ಕಳಿಸಿದೆ. ಕೇಳಲಿಲ್ಲ, ಹೇಳಿದೆ.

ಅವಳು ಭಾನುವಾರ ಸ್ಕೂಟರಿನಲ್ಲಿ ಬಂದಳು. ‘ಒಮ್ಮೆ ಪದವು ನೋಡಿ ಬರುತ್ತೇನೆ ಮಾವ’ ಎಂದು ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ನಾನೂ ರುಜುವಿಗೆಂದು ಬಂದಿದ್ದ ವಲೇರಿಯನೂ ಕೊಡೆ ಹಿಡಿದು ಹುಡುಕಿಕೊಂಡು ಹೋದೆವು. ಪದವಿನ ಮಧ್ಯದ ದೊಡ್ಡ ಹೊಂಡದ ಬದಿಯಲ್ಲಿ ಅವಳು ಮೊಣಕಾಲೂರಿ ಕೂತಿದ್ದಳು. ಮಳೆಯಂಗಿಯ ಬೆನ್ನ ಮೇಲೆ ನೀರು ಇಳಿಯುತ್ತಿತ್ತು. ಕಣ್ಣಿಗೆ ಸಣ್ಣ ಲೆನ್ಸು ಒತ್ತಿಕೊಂಡು ಮುಖವನ್ನು ಕೆಸರಿನ ಹತ್ತಿರ ತಂದಿದ್ದಳು.

‘ಎಂತ ಬಿದ್ದುಹೋಯಿತು?’ ಎಂದೆ.

‘ಎಂತದೂ ಬಿದ್ದಿಲ್ಲ. ಇದು ನೋಡಿ.’

ನೋಡಲು ಏನಿತ್ತು? ಗುಂಡುಸೂಜಿ ಹೂ. ನಾವು ಶಾಲೆಗೆ ಹೋಗುವಾಗ ಅದನ್ನು ಕಿತ್ತು ಅಂಗಿಗೆ ಚುಚ್ಚಿಕೊಳ್ಳುತ್ತಿದ್ದೆವು. ಮಕ್ಕಳು ಇಟ್ಟ ಹೆಸರು ಅದು. ದೊಡ್ಡವರು ಅದಕ್ಕೆ ಹೆಸರೇ ಇಟ್ಟಿರಲಿಲ್ಲ.

‘ಇದು ಗದ್ದೆ ಬದಿಯಲ್ಲೆಲ್ಲ ಉಂಟು’ ಎಂದೆ.

‘ಗದ್ದೆ ಬದಿಯದ್ದು ಬೇರೆ. ಇದು ನನಗೆ ಗೊತ್ತಾಗುವುದಿಲ್ಲ. ಮಾವ, ಈಗ ಕಲ್ಲು ಕಡಿಯಲಿಕ್ಕೆ ಕೊಡುವುದು ಬೇಡ. ಇದು ಎಂತ ಎಂದು ನೋಡುವ, ಆಮೇಲೆ ಮಾತಾಡುವ.’

‘ಎಂತ ಅಂತ ನಾನು ಹೇಳುತ್ತೇನೆ. ಕಳೆ.’

ಅವಳು ಎದ್ದು ನಿಂತಳು. ‘ನೀವು ಟೈಮ್ ನೋಡುವವರು ಮಾವ. ಗಿಡ ನೋಡುವವರಲ್ಲ.’

ಅವಳು ಅದನ್ನು ಕೆಟ್ಟ ದನಿಯಲ್ಲಿ ಹೇಳಲಿಲ್ಲ. ಆದರೆ ವಲೇರಿಯನ್ ಫಕ್ಕನೆ ನಕ್ಕುಬಿಟ್ಟ. ಆ ನಗು ನನ್ನ ಬೆನ್ನಿಗೆ ಬಿದ್ದ ಬೆತ್ತದ ಏಟಿನ ಹಾಗಿತ್ತು. ‘ಮುಂದಿನ ಸೀಟಿನಲ್ಲಿ ಪುಕ್ಕಟೆ ಕೂತು ಕಲಿತ ವಿದ್ಯೆ ಇದು! ಈಗ ನನಗೇ ಪಾಠ!’ ಎಂದು ನಾನು ಕಿರುಚಿದೆ. ಅವಳ ಮುಖ ಬಿಳುಪಾಯಿತು. ಲೆನ್ಸನ್ನು ಕಿಸೆಗೆ ಹಾಕಿ, ‘ಪುಕ್ಕಟೆ ಎಂದು ಆಗ ಹೇಳಿದ್ದರೆ ನಡೆದುಕೊಂಡು ಹೋಗುತ್ತಿದ್ದೆ’ ಎಂದಳು.

ವಲೇರಿಯನ್ ಮಧ್ಯೆ ಬಂದ. ಅವನು ಒಳ್ಳೆಯ ಮನುಷ್ಯ. ‘ಸಂಜೀವಣ್ಣ, ಜಗಳ ಎಂತಕ್ಕೆ? ನೀರು ನಿಲ್ಲುವ ಜಾಗದ ಕಲ್ಲು ನನಗೂ ಅಷ್ಟು ಬೇಕಂತಿಲ್ಲ. ಈ ಹೊಂಡ ಬಿಟ್ಟು ಆಚೆ ಬದಿಯಲ್ಲಿ ತೆಗೆಯುವ. ಮೇಡಂಗೂ ಆಯಿತು, ನನಗೂ ಆಯಿತು.’

ಎಷ್ಟು ಸುಲಭವಾಗಿತ್ತು! ಶೈಲ ನನ್ನ ಮುಖ ನೋಡಿದಳು. ಅವಳಿಗೆ ಒಪ್ಪಿಗೆ ಇತ್ತು, ಕಣ್ಣಲ್ಲೇ ಕಾಣುತ್ತಿತ್ತು. ನಾನು ಹೇಳಿದೆ: ‘ತೆಗೆದರೆ ಮೊದಲು ಇದೇ ಹೊಂಡದಿಂದ. ಒಂದು ಮೊಳ ಬಿಡುವುದಿಲ್ಲ.’

‘ಹಾಗಾದರೆ ನಾನು ರುಜು ಹಾಕುವುದಿಲ್ಲ’ ಎಂದು ಅವಳು ಹೋದಳು. ವಾರಿಜ ಪತ್ರೊಡೆ ಮಾಡಿ ಇಟ್ಟಿದ್ದಳು. ಶೈಲ ತಿನ್ನದೇ ಹೋದಳು.

ಅಲ್ಲಿಂದ ಯುದ್ಧ ಶುರುವಾಯಿತು. ಬೇರೆ ಹೆಸರು ಅದಕ್ಕಿಲ್ಲ. ಅವಳು ಪ್ರತಿ ಭಾನುವಾರ ಬರುತ್ತಿದ್ದಳು. ಮನೆಯೊಳಗೆ ಕಾಲಿಡುತ್ತಿರಲಿಲ್ಲ, ಬಾಟಲಿ ನೀರು ತಂದು ಕುಡಿಯುತ್ತಿದ್ದಳು. ನಾನು ಗೇಟಿಗೆ ಬೀಗ ಹಾಕಿದೆ. ಅವಳು ಸ್ಕೂಟರನ್ನು ರಸ್ತೆಯಲ್ಲಿ ನಿಲ್ಲಿಸಿ ಆಚೆ ಬದಿಯ ಬೇಲಿಯ ತಡಮೆ ದಾಟಿ ಹೋದಳು. ಹೊಂಡದ ಸುತ್ತ ನಾಲ್ಕು ಕಲ್ಲು ನಿಲ್ಲಿಸಿ ಕೆಂಪು ರಿಬ್ಬನ್ ಕಟ್ಟಿದಳು. ನಾನು ಅದನ್ನು ಬಿಚ್ಚಿ ನಮ್ಮ ದನದ ಕೊರಳಿಗೆ ಕಟ್ಟಿ ಅವಳಿಗೆ ಕಾಣುವ ಹಾಗೆ ಮೇಯಲು ಬಿಟ್ಟೆ. ಮುಂದಿನ ವಾರ ಅವಳು ಹಳದಿ ರಿಬ್ಬನ್ ಕಟ್ಟಿದಳು. ವಾರಿಜ ತಲೆ ಚಚ್ಚಿಕೊಂಡಳು. ‘ನಾಲ್ಕು ಕಡ್ಡಿ ಹೂವಿಗೆ ಇಷ್ಟು ರಂಪ ಮಾಡುವುದು ನೀವಿಬ್ಬರೇ. ಒಂದೇ ರಕ್ತ ಅಲ್ವಾ, ಹಟ ಎಲ್ಲಿ ಹೋಗುತ್ತದೆ!’

ಒಂದು ದಿನ ನಾನು ಹಾರೆ ತೆಗೆದುಕೊಂಡು ಹೋಗಿ ಹೊಂಡದ ಅಂಚಿನ ಮೆತ್ತಗಿನ ಕಡೆ ಒಂದು ಕಣಿ ಕಡಿದು ನೀರನ್ನು ಕೆಳಕ್ಕೆ ಬಿಟ್ಟೆ. ನೀರು ಹೋದರೆ ಹೂವೂ ಹೋಗುತ್ತದೆ ಎಂಬುದು ನನ್ನ ಲೆಕ್ಕ. ಭಾನುವಾರ ಬಂದವಳು ಮಣ್ಣು, ಕಲ್ಲು ತುಂಬಿ ಕಣಿ ಮುಚ್ಚಿದಳು. ನನಗೆ ತಡೆಯಲಾಗಲಿಲ್ಲ. ಬೈಯಲೆಂದೇ ಗುಡ್ಡ ಹತ್ತಿದೆ. ನಾನು ಅಲ್ಲಿಗೆ ಮುಟ್ಟುವಾಗ ಮಳೆ ಫಕ್ಕನೆ ನಿಂತು ಬಿಸಿಲು ಬಿತ್ತು. ಹೊಂಡವಿಡೀ ಬಿಳಿ ಗುಂಡುಗಳು ನೀರಿನ ಮೇಲೆ ನಿಂತಿದ್ದವು.

‘ಯಾರ ಅಪ್ಪಣೆ ಕೇಳಿ ಮಣ್ಣು ಹಾಕಿದ್ದು?’ ಎಂದೆ.

ಅವಳ ಕೈ ಮೊಣಕೈವರೆಗೆ ಕೆಸರಾಗಿತ್ತು. ಸುಸ್ತಾಗಿದ್ದಳು. ಜಗಳಕ್ಕೂ ಶಕ್ತಿ ಇರಲಿಲ್ಲ. ‘ಬೈಯುವುದು ಆಮೇಲೆ ಬೈಯಿರಿ ಮಾವ. ಮೊದಲು ಇಲ್ಲಿ ಕೂತು ಒಮ್ಮೆ ನೋಡಿ. ಒಂದೇ ಸಲ.’

ಏಕೆ ಕೂತೆನೋ ಗೊತ್ತಿಲ್ಲ. ಕೂತೆ. ಅವಳು ಒಂದು ಬಿಳಿ ಗುಂಡನ್ನು ಅಂಗೈಯಲ್ಲಿಟ್ಟು ಸೂಜಿಯಿಂದ ಎರಡಾಗಿ ಬಿಡಿಸಿ ಲೆನ್ಸನ್ನು ನನ್ನ ಕಣ್ಣಿಗೆ ಹಿಡಿಸಿದಳು. ಮೊದಲು ಬರೀ ಬೆಳಕು. ಆಮೇಲೆ ಕಂಡಿತು. ನಾವು ಒಂದು ಹೂ ಎನ್ನುವುದರೊಳಗೆ ಎಷ್ಟೋ ಹೂಗಳಿದ್ದವು, ಒಂದೊಂದರಲ್ಲೂ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕಿಗಳು. ಅವೆಲ್ಲ ಕೂತ ತಳದಲ್ಲಿ ಉಣ್ಣೆ. ಹುಟ್ಟಿ ಕಣ್ಣು ಬಿಡದ ಬೆಕ್ಕಿನ ಮರಿಯ ಮೈಯಂಥ ಬಿಳಿ, ದಟ್ಟ ಉಣ್ಣೆ.

‘ಉಣ್ಣೆ ಕಾಣುತ್ತದಾ?’

‘ಹೂಂ.’

‘ಈಗ ಇದನ್ನು ನೋಡಿ. ಇದು ಗದ್ದೆ ಬದಿಯದ್ದು, ಬರುವಾಗ ಕಿತ್ತು ತಂದೆ.’ ಹೊರಗಿನಿಂದ ನೋಡಿದರೆ ಎರಡೂ ಒಂದೇ. ಬಿಡಿಸಿದರೆ ಅದರ ತಳ ಬೋಳು, ಕೆರೆದಿಟ್ಟ ತೆಂಗಿನ ಚಿಪ್ಪಿನ ಹಾಗೆ.

‘ಇದೇ ವ್ಯತ್ಯಾಸ. ಇಷ್ಟು ದಪ್ಪ ಉಣ್ಣೆ ಇರುವುದನ್ನು ನಾನು ಇಲ್ಲಿ ಎಲ್ಲಿಯೂ ನೋಡಿಲ್ಲ. ಪುಸ್ತಕದಲ್ಲಿಯೂ ಸಿಕ್ಕಿಲ್ಲ. ಯಾರೂ ಹೆಸರು ಇಡದ್ದು ಇರಬಹುದು. ನನ್ನ ತಪ್ಪೂ ಇರಬಹುದು. ಬೀಜ ಬಲಿಯದೆ ಹೇಳಲಿಕ್ಕೆ ಆಗುವುದಿಲ್ಲ. ಬೀಜದ ಸಿಪ್ಪೆಯ ಮೇಲಿನ ಗೆರೆ ನೋಡಿದರೆ ಮಾತ್ರ ಗೊತ್ತಾಗುವುದು. ನವರಾತ್ರಿಯ ಹೊತ್ತಿಗೆ ಬಲಿಯುತ್ತದೆ. ಅಷ್ಟರವರೆಗೆ ಬಿಡಿ ಮಾವ. ಇದು ಒಂದೇ ವರ್ಷದ ಗಿಡ. ಬೀಜ ಬೀಳದಿದ್ದರೆ ಮುಂದಿನ ವರ್ಷಕ್ಕೆ ಇಲ್ಲ.’

ಅವಳು ಇದನ್ನು ಹೇಳುವಾಗ ಥೇಟು ನನ್ನ ತಂಗಿಯ ಮುಖ. ತಂಗಿ ಚಿಕ್ಕವಳಿರುವಾಗ ಮರದಿಂದ ಬಿದ್ದ ಅಳಿಲಿನ ಮರಿಯನ್ನು ಲಂಗದಲ್ಲಿ ಮುಚ್ಚಿ ತಂದು ನನಗೆ ಹೀಗೆಯೇ ತೋರಿಸಿದ್ದಳು. ಅದು ನೆನಪಾದದ್ದಕ್ಕೇ ನನಗೆ ಸಿಟ್ಟು ಬಂತು. ಜಗಳದಲ್ಲಿ ಸೋಲುತ್ತಿದ್ದೇನೆ ಎಂದು ಗೊತ್ತಾದಾಗ ಬಸ್ ಸ್ಟ್ಯಾಂಡಿನಲ್ಲಿ ನಾನು ಮಾಡುತ್ತಿದ್ದದ್ದು ಒಂದೇ, ದನಿ ಏರಿಸುವುದು. ‘ಆಯಿತಾ ಪಾಠ? ಹಾಕಿದ ಮಣ್ಣು ತೆಗಿ’ ಎಂದು ಲೆನ್ಸನ್ನು ಅವಳ ಮಡಿಲಿಗೆ ಎಸೆದು ಬಂದೆ.

ಅವಳು ತೆಗೆಯಲಿಲ್ಲ. ನಾನೂ ತೆಗೆಯಲಿಲ್ಲ. ನನ್ನ ತಲೆಯಲ್ಲಿ ಅಷ್ಟರಲ್ಲಿ ಬೇರೆಯೇ ಒಂದು ಯೋಚನೆ ಮೊಳೆತಿತ್ತು.

ಸೋಣ ತಿಂಗಳಿಡೀ ನಮ್ಮ ಕಡೆ ಹೆಂಗಸರು ಹೊಸ್ತಿಲ ಅಜ್ಜಿ ಎಂಬ ದೇವತೆಯ ಹೆಸರಿನಲ್ಲಿ ಹೊಸ್ತಿಲಿಗೆ ಪೂಜೆ ಮಾಡುತ್ತಾರೆ. ತೊಳೆದು, ಅರಶಿನ ಹಚ್ಚಿ, ಸೇಡಿ ಎಂಬ ಬಿಳಿ ಮಣ್ಣಿನಿಂದ ಗೆರೆ ಎಳೆದು, ಹೂವಿಟ್ಟು ಆರತಿ ಎತ್ತುತ್ತಾರೆ. ಅಂಗಡಿಯ ಹೂವಲ್ಲ, ಗುಡ್ಡ, ಗದ್ದೆಗಳಲ್ಲಿ ತಾನಾಗಿ ಅರಳಿದ ಹೂವೇ ಆಗಬೇಕು. ಹೊಸ್ತಿಲ ಮೇಲೆ ಹೂವಿರುವಾಗ ಯಾರೂ ಅದನ್ನು ತುಳಿಯುವುದಿಲ್ಲ, ತೆಗೆದು ಎಸೆಯುವುದೂ ಇಲ್ಲ. ದೇವರಿಗೆ ಇಟ್ಟ ಹೂವನ್ನು ಯಾಕೆ ಕಿತ್ತಿರಿ ಎಂದು ಯಾರೂ ಯಾರನ್ನೂ ಕೇಳುವಂತಿಲ್ಲ. ಈ ಕೊನೆಯದು ನನಗೆ ಬೇಕಾಗಿತ್ತು.

ಸೋಣ ಶುರುವಾಗುವ ಹೊತ್ತಿಗೆ ಕಾಪುವಿನಲ್ಲಿ ಶೈಲಳ ಗಂಡನ ತಾಯಿಗೆ ಹುಷಾರು ತಪ್ಪಿತು. ಅವಳು ಅಲ್ಲಿ ಹೋಗಿ ನಿಂತಳು. ಆ ಭಾನುವಾರ ಬರುವುದಿಲ್ಲ ಎಂದು ವಾರಿಜನಿಗೆ ಫೋನ್ ಮಾಡಿ ಹೇಳಿದ್ದಳು, ‘ಅತ್ತೆ, ಹೊಂಡದ ಮೇಲೆ ಸ್ವಲ್ಪ ಕಣ್ಣಿಡಿ’ ಎಂದೂ ಹೇಳಿದ್ದಳು. ವಾರಿಜ ಅದನ್ನು ನನಗೆ ಹೇಳಿದಳು. ನಾನು ಕೊಡೆ ತೆಗೆದುಕೊಂಡು ನೇರ ಪದ್ಮಕ್ಕನ ಮನೆಗೆ ಹೋದೆ.

ಪದ್ಮಕ್ಕ ನಮ್ಮ ಭಜನೆಯ ಹೆಂಗಸರಿಗೆಲ್ಲ ಹಿರಿಯಳು. ಅವಳ ಜಗಲಿಯಲ್ಲಿ ಕೂತು ಚಹಾ ಕುಡಿದು ಹೇಳಿದೆ: ‘ಪದ್ಮಕ್ಕ, ಈಗ ಸೋಣದ ಪೂಜೆಗೆ ಎಂತೆಂತದೋ ಹೂ ಇಡುತ್ತಾರೆ. ನನ್ನ ಅಮ್ಮ ಇರುವಾಗ ನಮ್ಮ ಪದವಿನ ಬಿಳಿ ಗುಂಡುಸೂಜಿ ಹೂ ಇಲ್ಲದೆ ಹೊಸ್ತಿಲು ಪೂಜೆಯೇ ಇಲ್ಲ. ಹೊಸ್ತಿಲ ಅಜ್ಜಿಗೆ ಬಿಳಿ ಹೂವೇ ಇಷ್ಟ ಎನ್ನುತ್ತಿದ್ದರು.’

‘ಹೌದಾ? ನಾನು ಕೇಳಿಯೇ ಇಲ್ಲ ಸಂಜೀವಣ್ಣ.’

‘ಹಳೆಯದೆಲ್ಲ ಹೀಗೇ ಹೋಗುವುದು. ಈ ಸಲ ಹೊಂಡ ತುಂಬ ಉಂಟು. ಶನಿವಾರ ಬನ್ನಿ, ಎಲ್ಲರನ್ನೂ ಕರೆದುಕೊಂಡು ಬನ್ನಿ. ಗೇಟು ತೆಗೆದಿಡುತ್ತೇನೆ.’

ನನ್ನ ಅಮ್ಮ ಯಾವತ್ತೂ ಹಾಗೆ ಹೇಳಿರಲಿಲ್ಲ. ಸತ್ತವಳ ಬಾಯಿಯಿಂದ ಸುಳ್ಳು ಹೇಳಿಸಿದೆ. ಬದುಕಿರುವ ವಾರಿಜನಿಗೂ ಅದನ್ನೇ ಹೇಳಿದೆ. ‘ಶೈಲ ಕಣ್ಣಿಡಲಿಕ್ಕೆ ಹೇಳಿದ್ದಳಲ್ಲ?’ ಎಂದು ಅವಳು ಅನುಮಾನಿಸಿದಳು. ‘ಅವಳಿಗೆ ದನ ತಿನ್ನಬಾರದು ಅಷ್ಟೇ. ಪೂಜೆಗೆ ಬೇಡ ಎನ್ನುತ್ತಾಳಾ? ಅವಳ ಅಜ್ಜಿ ಇಟ್ಟ ಹೂ ಅದು’ ಎಂದೆ. ವಾರಿಜ ನಂಬಿದಳು. ಅತ್ತೆಯ ಪದ್ಧತಿ ತನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲವಲ್ಲ ಎಂದು ಬೇಜಾರೂ ಮಾಡಿಕೊಂಡಳು.

ಶನಿವಾರ ಬೆಳಿಗ್ಗೆ ಹೆಂಗಸರು ಬುಟ್ಟಿ ಹಿಡಿದು ಬಂದರು. ತುಂತುರು ಮಳೆ, ನಗು, ಮಾತು. ಹಳದಿ ರಿಬ್ಬನ್ ನಾನೇ ಬಿಚ್ಚಿದೆ. ಆ ಗಿಡದ ಬೇರು ಎಷ್ಟರದು? ಕಡ್ಡಿ ಹಿಡಿದು ಎಳೆದರೆ ಗಿಡವೇ ಬುಡಸಮೇತ ಬರುತ್ತದೆ. ‘ಬೇರು ಸಮೇತ ಬಂತಲ್ಲ ಸಂಜೀವಣ್ಣ?’ ಎಂದು ಒಬ್ಬಳು ಕೇಳಿದಳು. ‘ಬರಲಿ, ಮುಂದಿನ ವರ್ಷ ಪುನಃ ಹುಟ್ಟುತ್ತದೆ’ ಎಂದೆ. ಆಮೇಲೆ ನಾನು ಮಾಡಿದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಕಲ್ಲಿನ ಮೇಲೆ ನಿಂತು, ಬಸ್ ಸ್ಟ್ಯಾಂಡಿನಲ್ಲಿ ಜನರನ್ನು ಕರೆದು ಬಸ್ಸು ಹತ್ತಿಸುವ ದನಿಯಲ್ಲಿ ಕೂಗಿದೆ. ‘ಅಲ್ಲಿ ಉಂಟು ನೋಡಿ! ಆ ಮೂಲೆಯಲ್ಲಿ ಬಿಟ್ಟಿರಿ! ನೀರಿನ ನಡುವೆ ಉಂಟು, ಇಳಿಯಿರಿ, ಕಾಲು ಮುಳುಗುವುದಿಲ್ಲ!’ ಒಂದೂ ಉಳಿಯದಂತೆ ಕೊಡೆಯ ತುದಿಯಿಂದ ತೋರಿಸಿ ತೋರಿಸಿ ಕೀಳಿಸಿದೆ. ಅವರು ಹೋದ ಮೇಲೆ ಹೊಂಡ ಬರೀ ಕಲಕಿದ ಕೆಂಪು ನೀರಾಗಿತ್ತು.

ಶೈಲ ಮುಂದಿನ ಭಾನುವಾರ ಬಂದಳು. ಬರುವ ದಾರಿಯಲ್ಲಿ ಮನೆ ಮನೆಯ ಹೊಸ್ತಿಲ ಮೇಲೆ ಬಿಳಿ ಗುಂಡುಗಳ ಸಾಲು ಕಂಡಿರಬೇಕು. ಅವು ಒಣಗಿದರೂ ಬಾಡುವುದಿಲ್ಲ, ಹಾಗೆಯೇ ಬೆಳ್ಳಗೆ ನಿಲ್ಲುತ್ತವೆ. ಅವಳು ಪದವಿಗೆ ಹೋಗಲೇ ಇಲ್ಲ. ನೇರ ನಮ್ಮ ಎದುರು ಬಾಗಿಲಿಗೆ ಬಂದು ನಿಂತಳು. ಎಷ್ಟೋ ವಾರಗಳ ನಂತರ ಮನೆಯೊಳಗೆ ಬರಲು ಹೊರಟವಳು ಹೊಸ್ತಿಲ ಮೇಲಿನ ಹೂ ನೋಡಿ ಎತ್ತಿದ ಕಾಲು ಹಿಂದಕ್ಕೆ ಇಟ್ಟಳು.

‘ಇದು ಯಾರ ಕೆಲಸ?’

‘ಕೆಲಸ ಎಂತ? ಪೂಜೆ’ ಎಂದೆ ಚಾವಡಿಯ ಕುರ್ಚಿಯಿಂದ ಏಳದೆ.

ವಾರಿಜ ಓಡಿ ಬಂದಳು. ‘ನಿನ್ನ ಅಜ್ಜಿ ಇಡುತ್ತಿದ್ದ ಹೂವಂತೆ ಮಾರಾಯ್ತಿ. ದೇವರಿಗೆ ಇಟ್ಟದ್ದಲ್ವಾ, ಬೇಜಾರು ಮಾಡಬೇಡ. ಇವರಿಗೆ ಎಂತ ಗೊತ್ತು ಗಿಡದ ವಿಷಯ?’

‘ಅವರಿಗೆ ಗೊತ್ತಿತ್ತು ಅತ್ತೆ.’ ಅವಳ ಕಣ್ಣು ನನ್ನ ಮೇಲೆಯೇ ಇತ್ತು. ‘ನಾನು ಲೆನ್ಸಿನಲ್ಲಿ ತೋರಿಸಿದ್ದೆ. ಮಾವ, ನೀವು ನೋಡಿದ್ದಿರಿ. ಉಣ್ಣೆ ಕಾಣುತ್ತದೆ ಎಂದಿದ್ದಿರಿ.’

ವಾರಿಜ ನನ್ನ ಕಡೆ ತಿರುಗಿದಳು. ಒಂದು ಗಳಿಗೆ ನನಗೆ ಸತ್ಯ ಹೇಳುವ ಅವಕಾಶ ಇತ್ತು. ನಾನು ಹೇಳಿದೆ: ‘ನನ್ನ ಕಣ್ಣು ಮಂಜು. ಪೇಪರ್ ಓದಲಿಕ್ಕೇ ಕಾಣುವುದಿಲ್ಲ. ಎಂತದೂ ಕಾಣಲಿಲ್ಲ. ನೀನು ಕೇಳಿದೆ ಎಂದು ಹೂಂ ಎಂದೆ.’

ಶೈಲ ಅಲ್ಲಿಂದ ಹೊರಟಳು. ಆ ದಿನ ಅವಳು ಮಾಡಿದ್ದನ್ನು ಊರೆಲ್ಲ ನೋಡಿತು. ಒಂದೊಂದೇ ಮನೆಗೆ ಹೋಗಿ, ಅಂಗಳದಲ್ಲಿ ನಿಂತು, ಹೆಂಗಸರ ಅನುಮತಿ ಕೇಳಿ, ಹೊಸ್ತಿಲಿನ ಮುಂದೆ ಕೂತು, ಅರಶಿನ ಹತ್ತಿದ ಆ ಗುಂಡುಗಳನ್ನು ಬಿಡಿಸಿ ನೋಡಿದಳು. ಎಲ್ಲಿಯಾದರೂ ಒಂದು ಬೀಜ ಬಲಿತಿದೆಯೇ ಎಂದು. ಕೆಲವರು ಅಯ್ಯೋ ಎಂದರು. ಕೆಲವರು ದೇವರ ಹೂ ಮುಟ್ಟಿದಳು ಎಂದು ಅವಳನ್ನೇ ಬೈದರು. ಬೈಯುವವರ ಬಾಯಿಗೆ ಆ ಮಾತು ಕೊಟ್ಟವನು ನಾನು, ಚಾವಡಿಯಲ್ಲಿ ಕೂತಿದ್ದೆ. ಒಂದೂ ಬಲಿತಿರಲಿಲ್ಲ. ಅವಳು ಕೊಂಡುಹೋದ ಒಣ ಹೂಗಳನ್ನು ಯಾರ್ಯಾರೋ ತಿಳಿದವರಿಗೆ ಕಳಿಸಿದಳಂತೆ. ಬೀಜವಿಲ್ಲದೆ ಹೇಳಲಾಗದು ಎಂದೇ ಎಲ್ಲರ ಉತ್ತರವಂತೆ.

ನವರಾತ್ರಿ ಕಳೆದ ಮೇಲೆ ಅವಳ ಗಂಡ ಬಂದು ಒಪ್ಪಿಗೆಯ ಕಾಗದ ಕೊಟ್ಟುಹೋದ. ರುಜು ಹಾಕಿದ್ದಳು. ‘ಇನ್ನು ಕಡಿಯಬಹುದಂತೆ ಮಾವ. ಕಾಯಲಿಕ್ಕೆ ಅಲ್ಲಿ ಎಂತದೂ ಇಲ್ಲವಂತೆ’ ಎಂದ. ಅವನು ಸಭ್ಯ ಹುಡುಗ, ಹೇಳುವಾಗ ನೆಲ ನೋಡುತ್ತಿದ್ದ. ಗೆದ್ದೆ ಎಂದು ನಾನು ಆ ಕಾಗದವನ್ನು ಕೈಯಲ್ಲಿ ಹಿಡಿದೆ. ವಲೇರಿಯನ್ ಬಂದಾಗ, ‘ಈಗ ಬೇಡ’ ಎಂದೆ. ಅವನು ಬಾಯಿಬಿಟ್ಟು ನೋಡಿದ. ‘ಯಾವ ಹೊಂಡಕ್ಕೆ ಅಷ್ಟು ಬೊಬ್ಬೆ ಹಾಕಿದಿರೋ ಅದು ಈಗ ಬೇಡವಾ? ನಿಮಗೆ ಬೇಕಿದ್ದದ್ದು ಎಂತ ಸಂಜೀವಣ್ಣ?’ ಎಂದು ಕೇಳಿ ಅವನು ಬೈಕು ಹತ್ತಿ ಹೋದ. ಅಡುಗೆಮನೆಯ ಮಾಡು ಈಗಲೂ ಜಗ್ಗಿಯೇ ಇದೆ.

ಊರಿನವರು ನನಗೆ ಒಂದು ದಾರಿ ಮಾಡಿಕೊಟ್ಟರು. ‘ಪಾಪ, ಮುದುಕರು. ಗೊತ್ತಿಲ್ಲದೆ ಆದದ್ದು. ಭಕ್ತಿಯಿಂದ ಮಾಡಿದ್ದು.’ ವಾರಿಜ ಹೋದಲ್ಲೆಲ್ಲ ಅದನ್ನೇ ಹೇಳಿದಳು. ನಾನು ಆ ಮಾತಿನ ಕೆಳಗೆ ಒಂದು ವರ್ಷ ಬೆಚ್ಚಗೆ ಕೂತೆ. ಯಾರಾದರೂ ಮರುಕ ತೋರಿದರೆ ತಲೆ ತಗ್ಗಿಸುತ್ತಿದ್ದೆ. ಅದು ಪಶ್ಚಾತ್ತಾಪ ಎಂದು ಅವರು ತಿಳಿದರು. ನಾನು ಮುಖ ಅಡಗಿಸುತ್ತಿದ್ದೆ, ಅಷ್ಟೇ.

ಆಮೇಲೆ ಈ ವರ್ಷದ ಸೋಣ ಬಂತು. ವಾರಿಜ ಆ ಎರಡು ಕಡ್ಡಿ ಹಿಡಿದು ನಿಂತಳು.

ನಾನು ಒಂದನ್ನು ಅವಳ ಕೈಯಿಂದ ತೆಗೆದುಕೊಂಡೆ. ಒಳಗೆ ಹೋಗಿ ಅವಳ ಹೊಲಿಗೆಯ ಸೂಜಿ ಹುಡುಕಿ, ಕಿಟಕಿಯ ಬೆಳಕಿನಲ್ಲಿ ಕೂತು ಆ ಗುಂಡನ್ನು ಬಿಡಿಸಿದೆ. ಪೇಪರ್ ಓದುವ ಭೂತಕನ್ನಡಿಯನ್ನು ಹಿಡಿದೆ. ಕಪ್ಪು ಚುಕ್ಕಿಗಳು ಕಂಡವು. ಅವನ್ನು ಸರಿಸಿ ತಳ ನೋಡಿದೆ. ಬೋಳು. ಕೆರೆದಿಟ್ಟ ಚಿಪ್ಪು.

ಇನ್ನೊಂದನ್ನೂ ಬಿಡಿಸಿದೆ. ಬೋಳು.

‘ಎಂತ ಮಾಡುತ್ತೀರಿ?’ ಎಂದು ವಾರಿಜ ಕೇಳುತ್ತಿರುವಾಗಲೇ ಸೂಜಿ, ಕನ್ನಡಿ, ಕೊಡೆ ಹಿಡಿದು ಪದವಿಗೆ ಹೋದೆ. ಹೊಂಡದ ಅಂಚಿನಲ್ಲಿ, ಗದ್ದೆಯ ಕಡೆಗೆ ನೀರು ಇಳಿಯುವ ಬದಿಯಲ್ಲಿ, ಬಿಳಿ ಗುಂಡುಗಳು ಗುಂಪಾಗಿ ನಿಂತಿದ್ದವು. ನಡುವೆ ಬರೀ ನೀರು, ಹುಲ್ಲು. ಶೈಲ ಕೂತ ಹಾಗೆ ಮೊಣಕಾಲೂರಿದೆ. ಅಲ್ಲೊಂದು ಇಲ್ಲೊಂದು ತೆಗೆದು ಬಿಡಿಸಿದೆ. ಮಳೆ ಬಂದಾಗ ಕೊಡೆಯನ್ನು ಕನ್ನಡಿಗೆ ಹಿಡಿದೆ. ಹೊಂಡದ ಸುತ್ತ ತೆವಳಿ ಬಂದೆ. ಕಲ್ಲಿನ ಬಿರುಕುಗಳಲ್ಲಿ ನೋಡಿದೆ. ಹೋದ ವರ್ಷ ಕಲ್ಲಿನ ಮೇಲೆ ನಿಂತು ‘ಅಲ್ಲಿ ಉಂಟು, ಇಲ್ಲಿ ಉಂಟು’ ಎಂದು ಕೂಗಿದವನು ಕೆಸರಿನಲ್ಲಿ ಕೈಯೂರಿ ಇಲ್ಲ, ಇಲ್ಲ ಎನ್ನುತ್ತಿದ್ದೆ. ಎಲ್ಲವೂ ಬೋಳು. ಗದ್ದೆ ಬದಿಯ ಹೂವು ಖಾಲಿ ಜಾಗ ಕಂಡು ಬಂದು ಕೂತಿತ್ತು.

ಮನೆಗೆ ಬರುವಾಗ ಹೊಟ್ಟೆ ಹಸಿಯುವ ಹೊತ್ತು ದಾಟಿತ್ತು. ವಾರಿಜ ಹೊಸ್ತಿಲಿಗೆ ಸೇಡಿ ಎಳೆಯುತ್ತಿದ್ದಳು. ಪದ್ಮಕ್ಕನಿಗೂ ಆಗಲೇ ಹೇಳಿ ಆಗಿತ್ತು. ‘ಹೂ ಪುನಃ ಬಂತು, ನಿಮ್ಮ ಯಜಮಾನರ ಪಾಪ ಕಳೆಯಿತು ಎಂದು ಪದ್ಮಕ್ಕ ಹೇಳಿದರು. ಶೈಲನಿಗೆ ಈಗ ಫೋನ್ ಮಾಡುವಾ?’ ಎಂದಳು.

ಸುಮ್ಮನಿದ್ದಿದ್ದರೆ ಎಲ್ಲ ಮುಗಿಯುತ್ತಿತ್ತು. ಊರು ಹೂ ಬಂತು ಎಂದು ನಂಬಿತ್ತು. ನಂಬಿದ್ದನ್ನು ಹಾಗೆಯೇ ಬಿಡಬಹುದಿತ್ತು.

‘ಅದು ಆ ಹೂವಲ್ಲ’ ಎಂದೆ.

‘ಹೇಗೆ? ಅದೇ ಅಲ್ವಾ, ನೋಡಲಿಕ್ಕೆ ಒಂದೇ ಹಾಗೆ ಉಂಟಲ್ಲ?’

‘ಹೊರಗಿನಿಂದ ಒಂದೇ. ಅದರ ಒಳಗೆ ಉಣ್ಣೆ ಇತ್ತು. ಇದರಲ್ಲಿ ಇಲ್ಲ.’

ವಾರಿಜಳ ಕೈ ನಿಂತಿತು. ಅವಳು ನಿಧಾನವಾಗಿ ತಲೆ ಎತ್ತಿದಳು. ‘ಉಣ್ಣೆ ಇತ್ತು ಎಂದು ನಿಮಗೆ ಹೇಗೆ ಗೊತ್ತು?’

‘ನೋಡಿದ್ದೆ. ಶೈಲ ತೋರಿಸಿದಾಗ ಎಲ್ಲ ಕಂಡಿತ್ತು. ಸೋಣದ ಹೂ ಎಂದು ನನ್ನ ಅಮ್ಮ ಹೇಳಿದ್ದೂ ಸುಳ್ಳು.’

ಅವಳು ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆನೋ ಏನೋ. ಅವಳು ಸೇಡಿಯ ಬಟ್ಟಲನ್ನು ಬದಿಗಿಟ್ಟಳು. ಆ ದಿನ ಇಟ್ಟಿದ್ದ ಬೇರೆ ಹೂಗಳನ್ನೂ ಒಂದೊಂದಾಗಿ ಹೆಕ್ಕಿ ಸೆರಗಿಗೆ ಹಾಕಿಕೊಂಡಳು. ‘ನನ್ನ ಕೈಯಿಂದ ಮಾಡಿಸಿದಿರಲ್ಲ’ ಎಂದಳು. ‘ನಾನು ಕೈಮುಗಿದು ಇಟ್ಟ ಹೂವಿನಿಂದ ಆ ಹುಡುಗಿಯ ಕುತ್ತಿಗೆ ಕೊಯ್ದಿರಿ. ಊರಿಡೀ ನಿಮ್ಮ ಪರವಾಗಿ ಮಾತಾಡಿದೆ ನಾನು.’ ಎದ್ದು ನಿಂತು ಇನ್ನೊಂದು ಮಾತು ಹೇಳಿದಳು. ‘ಅವಳಿಗೆ ಹೇಳಿ. ಹೇಳುವ ತನಕ ಈ ಹೊಸ್ತಿಲು ದಾಟಬೇಡಿ.’

ಜಗಲಿಯಲ್ಲಿ ಒದ್ದೆ ಬಟ್ಟೆಯಲ್ಲೇ ಕೂತು ಫೋನ್ ಮಾಡಿದೆ. ತುಂಬ ಹೊತ್ತು ರಿಂಗಾಯಿತು.

‘ಹಲೋ, ಯಾರು?’ ನನ್ನ ನಂಬರು ಅವಳ ಫೋನಿನಲ್ಲಿ ಉಳಿದಿರಲಿಲ್ಲ.

‘ಮಾವ ಮಾತಾಡುವುದು.’

ಅವಳು ಫೋನ್ ಇಡಲಿಲ್ಲ.

‘ಹೊಂಡದಲ್ಲಿ ಬಿಳಿ ಹೂ ಬಂದಿದೆ. ಬಂತು ಎಂದು ಬೇರೆ ಯಾರಾದರೂ ನಿನಗೆ ಹೇಳಬಹುದು. ಅದು ಅದಲ್ಲ ಶೈಲ. ಬಿಡಿಸಿ ನೋಡಿದೆ. ಗದ್ದೆ ಬದಿಯದ್ದು. ತಳದಲ್ಲಿ ಉಣ್ಣೆ ಇಲ್ಲ.’

‘ನಿಮ್ಮ ಕಣ್ಣು ಮಂಜಲ್ವಾ?’

‘ಆ ದಿನವೂ ಮಂಜಿರಲಿಲ್ಲ. ಎಲ್ಲ ಕಂಡಿತ್ತು. ಗೊತ್ತಿದ್ದೇ ಕೀಳಿಸಿದೆ.’

ಅಳುತ್ತಾಳೋ ಎಂದುಕೊಂಡೆ. ಅಳಲಿಲ್ಲ. ಪಾಠ ಮಾಡುವ ದನಿಯಲ್ಲಿ ಕೇಳಿದಳು. ‘ನೀರಿನ ನಡುವೆ ನೋಡಿದಿರಾ?’

‘ನೋಡಿದೆ.’

‘ಕಲ್ಲಿನ ಬಿರುಕಿನಲ್ಲಿ? ಕಣಿ ಕಡಿದ ಕಡೆ?’

‘ಎಲ್ಲ ಕಡೆ ನೋಡಿದೆ. ಎಲ್ಲವೂ ಬೋಳು.’

‘ಹಾಗಾದರೆ ಸರಿಯಾಗಿಯೇ ಗುರುತಿಸಿದ್ದೀರಿ’ ಎಂದಳು. ‘ಅದು ಹೋಯಿತು.’ ಫೋನ್ ಇಟ್ಟಳು.

ಒಳಗಿನಿಂದ ವಾರಿಜ ಕೇಳಿದಳು. ‘ಹೇಳಿದಿರಾ?’

‘ಹೇಳಿದೆ.’

‘ಬನ್ನಿ ಹಾಗಾದರೆ. ಗಂಜಿ ತಣಿಯುತ್ತದೆ.’

ಎದ್ದು ಬಾಗಿಲ ಹತ್ತಿರ ಬಂದೆ. ಅರ್ಧ ಎಳೆದ ಸೇಡಿಯ ಗೆರೆ, ತಿಕ್ಕಿದ ಅರಶಿನ. ಹೊಸ್ತಿಲ ಮೇಲೆ ಒಂದು ಹೂವೂ ಇರಲಿಲ್ಲ. ದಾಟಲು ಏನೂ ಅಡ್ಡವಿರಲಿಲ್ಲ. ಹೋದ ವರ್ಷ ಶೈಲ ಕಾಲು ಹಿಂದಕ್ಕೆ ಇಟ್ಟ ಜಾಗದಲ್ಲೇ ನಾನು ನಿಂತಿದ್ದೆ. ವಾರಿಜ ಇನ್ನೊಮ್ಮೆ ಕರೆದಳು. ನನಗೆ ಕಾಲು ಎತ್ತಲು ಆಗಲಿಲ್ಲ.